ಕೆಂಚಮ್ಮನ ದುಂಬಿ

ಅರಸೀಕೆರೆಯ ಚಿದಂಬರನನ್ನು ಜನ ಕೇಳುತ್ತಿದ್ದ ಮೊದಲ ಪ್ರಶ್ನೆ, ಡ್ರೋನ್ ಇದೆಯಾ ಎಂದು. ಇಲ್ಲ ಎಂದರೆ ಎರಡನೆಯ ಪ್ರಶ್ನೆಯೇ ಇರುತ್ತಿರಲಿಲ್ಲ. ಒಂದು ಕಾಲಕ್ಕೆ ತಾಲ್ಲೂಕಿನ ಮದುವೆಗಳಿಗೆ ಪುರೋಹಿತರು ಬಾರದಿದ್ದರೂ ನಡೆದೀತು, ವಿಡಿಯೋ ಚಿದಂಬರ ಬಾರದಿದ್ದರೆ ಆಗದು ಎನ್ನುವಂತಿತ್ತು. ಊರವರ ಮದುವೆಗಳನ್ನು ಹಿಡಿಯುತ್ತಾ ಹಿಡಿಯುತ್ತಾ, ತನ್ನದೂ ಒಂದು ಆಗಬೇಕಿತ್ತಲ್ಲ ಎಂದು ನೆನಪಾಗುವ ಹೊತ್ತಿಗೆ ಅವನ ತಲೆ ನೆರೆತಿತ್ತು. ಅಣ್ಣಂದಿರು ಕೊಬ್ಬರಿ ಮಂಡಿ ನಡೆಸಿಕೊಂಡು ಚೆನ್ನಾಗಿಯೇ ಇದ್ದರು. ಹಬ್ಬಕ್ಕೆ ಕರೆಯುತ್ತಿದ್ದರು, ಹೋಳಿಗೆ ಬಡಿಸುತ್ತಿದ್ದರು, ಕೈ ತೊಳೆಯುವಾಗ "ಇನ್ನೂ ಆ ಡಬ್ಬಾನೇ ಹಿಡ್ಕೊಂಡು ತಿರುಗ್ತಿದೀಯೇನೋ" ಎನ್ನುತ್ತಿದ್ದರು. ಹೋಳಿಗೆಯ ಸಿಹಿ ಅಲ್ಲಿಗೆ ಇಳಿಯುತ್ತಿತ್ತು.

ಆ ಡಬ್ಬ ಎಂದರೆ ಅಂಗೈಯಲ್ಲಿ ಕೂರುವ ಹ್ಯಾಂಡಿಕ್ಯಾಮ್. ಮನೆಮಂದಿ ಮಕ್ಕಳ ಹುಟ್ಟುಹಬ್ಬ ಹಿಡಿಯಲೆಂದು ಮಾಡಿದ್ದು. ದೊಡ್ಡ ಕ್ಯಾಮೆರಾ ಕೆಟ್ಟ ಮೇಲೆ ಚಿದಂಬರನಿಗೆ ಉಳಿದದ್ದು ಅದೊಂದೇ. ಅದರ ಬ್ಯಾಟರಿ ಸತ್ತಿತ್ತು, ಕರೆಂಟಿಗೆ ಚುಚ್ಚಿಕೊಂಡೇ ನಡೆಸಬೇಕು. ಅದರ ಪುಟ್ಟ ಸ್ಪೀಕರೂ ಸತ್ತಿತ್ತು, ಕೇಳಬೇಕಾದರೆ ಹೆಡ್‌ಫೋನ್ ಹಾಕಿಕೊಳ್ಳಬೇಕು. ಅದರ ಮೈಕಂತೂ ಮಾತಿಗಿಂತ ಫ್ಯಾನಿನ ಸದ್ದನ್ನೇ ಹೆಚ್ಚು ಪ್ರೀತಿಯಿಂದ ಹಿಡಿಯುತ್ತಿತ್ತು. ಮಠದ ಪ್ರವಚನ ರೆಕಾರ್ಡ್ ಮಾಡುವ ಕೆಲಸ ಸಿಗಬಹುದೆಂಬ ಆಸೆಯಲ್ಲಿ ಅವನು ಹಾಸನದ ಸೌಂಡ್ ಸಿಸ್ಟಂ ಜಯದೇವಪ್ಪನ ಹತ್ತಿರ ಸ್ಟೇಜಿನ ಮೈಕೊಂದನ್ನು ತಂದಿದ್ದ. ಹಳೆಯದು, ಆದರೆ ದೊಡ್ಡ ದೊಡ್ಡ ಗಾಯಕರ ಉಸಿರು ಕಂಡದ್ದು.

ತೊಂದರೆ ಇದ್ದದ್ದು ಪ್ಲಗ್ಗಿನಲ್ಲಿ. ಮೈಕಿನ ವೈರಿನ ತುದಿ ಹೆಬ್ಬೆರಳಿಗಿಂತ ದಪ್ಪ, ಒಳಗೆ ಮೂರು ಪಿನ್ನು. ಕ್ಯಾಮೆರಾದ ತೂತೋ, ಮೊಬೈಲಿನ ಇಯರ್‌ಫೋನ್ ಹೋಗುವಷ್ಟು. "ಇವೆರಡರ ಮಧ್ಯೆ ಅಡಾಪ್ಟರ್ ಡಬ್ಬಿ ಬೇಕು ಕಣಯ್ಯಾ, ಸುಮ್ನೆ ಕೂಡಿಸ್‌ಬ್ಯಾಡ" ಎಂದು ಜಯದೇವಪ್ಪ ಹೇಳಿಯೇ ಕಳಿಸಿದ್ದ. ಚಿದಂಬರ ಯಾವಾಗ ಯಾರ ಮಾತು ಕೇಳಿದ್ದ? ಆ ಕಡೆ ಮೂರು ತಂತಿ, ಈ ಕಡೆ ಮೂರು ತಂತಿ, ಇದಕ್ಕೆ ಡಬ್ಬಿ ಯಾಕೆ ಎಂದುಕೊಂಡು ತಾನೇ ಬೆಸುಗೆ ಹಾಕಿದ. ಮೇಲೆ ಕಪ್ಪು ಟೇಪು ಸುತ್ತಿದ. ಹೆಡ್‌ಫೋನ್ ಹಾಕಿ ನೋಡಿದರೆ ದನಿ ಬಂತು. ಬಂದದ್ದೇನು, ಎರಡು ಕಿವಿಗಳಲ್ಲೂ ತುಂಬಿಕೊಂಡು ಬಂತು. ಜಯದೇವಪ್ಪನಿಗೆ ವ್ಯಾಪಾರದ ಆಸೆ ಎಂದು ಚಿದಂಬರ ತೀರ್ಮಾನಿಸಿದ.

ಪ್ರವಚನ ಮುಂದಕ್ಕೆ ಹೋಯಿತು. ಆ ಮೈಕಿನ ಮುಂದೆ ಮೊದಲು ಕೂತವನು ಜವರಣ್ಣ.

ಜವರಣ್ಣ ಹಳೇಬೀಡಿನಲ್ಲಿ ಗೈಡು. ಕೆರೆ ಏರಿಯ ಮೇಲೆ ಮದುವೆ ಜೋಡಿಗಳನ್ನು ನಿಲ್ಲಿಸಿ ಚಿದಂಬರ ಫೋಟೋ ತೆಗೆಯುತ್ತಿದ್ದ ದಿನಗಳಿಂದ ಪರಿಚಯ. ಕಲ್ಲಿನ ಆನೆ ಕೂಡ ತಿರುಗಿ ನೋಡಬೇಕು, ಅಂಥ ಕಂಠ. ಕನ್ನಡ, ಹಿಂದಿ, ಇಂಗ್ಲಿಷು, ಮೂರರಲ್ಲೂ ಅದೇ ಗತ್ತು. ಆ ಮನುಷ್ಯ ಒಂದು ಮಧ್ಯಾಹ್ನ ಬಸ್ಸಿಳಿದು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಚಿದಂಬರನ ಬಾಗಿಲಿಗೆ ಬಂದು ನಿಂತ.

"ಸೋಮವಾರ ಗಂಟ್ಲು ಕೊಯ್ತಾರೆ ಸಾ," ಎಂದ. "ಗೆಡ್ಡೆ ಆಗೈತಂತೆ. ದನಿ ಪೆಟ್ಗೇನೇ ತೆಗೀಬೇಕಂತೆ. ಆಮ್ಯಾಕೆ ಮಾತಿಲ್ಲ."

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವಂಥದ್ದನ್ನೇ ಚಿದಂಬರ ಹೇಳಿದ. "ಜೀವ ಉಳೀತದಲ್ಲ ಜವರಣ್ಣ. ಮಾತು ಬೇಕಾದ್ರೆ ಬರ್ದು ತೋರಿಸಬಹುದು."

"ಯಾರ್ಗೆ ತೋರ್ಸ್ಲಿ? ನಮ್ಮನೆಯೋಳ್ಗೆ ಕಣ್ಣು ಕಾಣಾಕಿಲ್ವಲ್ಲ."

ಹೆಂಡತಿ ಕೆಂಚಮ್ಮನ ಕಣ್ಣುಗಳನ್ನು ಸಕ್ಕರೆ ಕಾಯಿಲೆ ತಿಂದು ಹಾಕಿ ಬಹಳ ಕಾಲವಾಗಿತ್ತು. ಮಕ್ಕಳಿಲ್ಲದ ಮನೆ. ಆ ಮನೆಯಲ್ಲಿ ಬೆಳಕು ಎಂದರೆ ಜವರಣ್ಣನ ಬಾಯಿ. ಅವತ್ತು ಬಂದ ಪ್ರವಾಸಿಗಳ ಟೋಪಿಯಿಂದ ಹಿಡಿದು ಸಾರಿನ ಬಣ್ಣದವರೆಗೆ ಎಲ್ಲವನ್ನೂ ಅವನು ಹೇಳಬೇಕು, ಅವಳು ನೋಡಬೇಕು. ಈಗ ಅವನಿಗೆ ಹೇಳಲಾಗದು, ಅವಳಿಗೆ ಕಾಣದು. ಒಂದೇ ಸೂರಿನ ಕೆಳಗೆ ಇಬ್ಬರೂ ಒಬ್ಬರಿಗೊಬ್ಬರು ಇಲ್ಲದಂತಾಗುವುದಕ್ಕೆ ಉಳಿದದ್ದು ನಾಲ್ಕೇ ದಿನ.

ಮೊಬೈಲಿನಲ್ಲಿ ಬರೆದದ್ದನ್ನು ಓದಿ ಹೇಳುವ ಆಪ್ ಒಂದಿದೆಯಲ್ಲ ಎಂದು ಚಿದಂಬರ ನೆನಪಿಸಿದ. ಅದೂ ಆಗಿತ್ತು. ಅದರಲ್ಲಿ ಮಾತಾಡುವುದು ಹೆಂಗಸು. "ಯಾವಳೋ ಒಬ್ಳು ನನ್ ಮನೇಲಿ ಕುಂತ್ಕಂಡು ನನ್ ಗಂಡನ ಮಾತಾಡೋದು ಬ್ಯಾಡ" ಎಂದು ಕೆಂಚಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು. ಜವರಣ್ಣನ ಸ್ವಂತ ದನಿಯನ್ನು ಅವನ ಫೋನಿನಲ್ಲೇ ಹಿಡಿದು ನೋಡಿದರೆ, ಮೊದಲೇ ಕಟ್ಟಿದ ಗಂಟಲು, ತಗಡು ಕೆರೆದಂತೆ ಕೇಳಿತಂತೆ.

"ದಿನಾ ಆಡೋ ಮಾತು ಒಂದಷ್ಟು ಹಿಡ್ಕೊಡಿ ಸಾ. ಬೇಕಾದಾಗ ಫೋನಲ್ಲಿ ಒತ್ತಿದ್ರೆ ಆಯ್ತು. ನಿಮ್ತಾವ ದೊಡ್ಡ ಮೈಕು ಐತಂತಲ್ಲ."

ದನಿ ಹಿಡಿಯುವುದಕ್ಕೆ ಚಿದಂಬರನ ಮನೆಯಷ್ಟು ಸದ್ದಿಲ್ಲದ ಮನೆ ಅರಸೀಕೆರೆಯಲ್ಲಿ ಇನ್ನೊಂದಿರಲಾರದು. ಚಿದಂಬರ ಫ್ಯಾನು ನಿಲ್ಲಿಸಿದ, ಕಿಟಕಿ ಹಾಕಿದ, ಮೈಕನ್ನು ಸ್ಟ್ಯಾಂಡಿಗೆ ಕಟ್ಟಿ ಕ್ಯಾಮೆರಾಕ್ಕೆ ತನ್ನ ಬೆಸುಗೆಯ ವೈರನ್ನು ಚುಚ್ಚಿದ. ಜವರಣ್ಣ ಮೈಕು ಕಂಡದ್ದೇ ಎದೆ ಸೆಟೆದು ಗೈಡಾದ.

"ಕೆಂಚಮ್ಮನವರೇ, ಬನ್ನಿ! ತಮ್ಮ ಬಲಗಡೆಗೆ ಊಟದ ತಟ್ಟೆಯನ್ನು ಗಮನಿಸಿ!"

ಚಿದಂಬರನಿಗೆ ನಗು ತಡೆಯಲಾಗಲಿಲ್ಲ. ಜವರಣ್ಣನೂ ನಕ್ಕ, ನಕ್ಕು ಕೆಮ್ಮಿದ. ಮತ್ತೆ ಶುರು ಮಾಡಿದರೆ ಮತ್ತೆ ಅದೇ ಗತ್ತು. ಊರೆಲ್ಲಕ್ಕೂ ಕೇಳುವಂತೆ ಮಾತಾಡಿ ಅಭ್ಯಾಸವಾದವನಿಗೆ ಒಬ್ಬಳಿಗೆ ಕೇಳುವಷ್ಟು ಮಾತಾಡುವುದು ಮೈಕಿನ ಮುಂದೆ ಬರಲೊಲ್ಲದು. "ಗಾಜಿನ ಕಣ್ಣು ನೋಡ್ಕಂಡು ಹೆಂಗ್ ಸಾ ಹೆಂಡ್ತಿ ಜೊತೆ ಮಾತಾಡದು?" ಎಂದು ಬೆವರು ಒರೆಸಿಕೊಂಡ. ಕೊನೆಗೆ ಚಿದಂಬರ ಕುರ್ಚಿ ಎಳೆದು ಅವನ ಎದುರಿಗೇ ಕೂತ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ.

"ನಾನೇ ನಿಮ್ಮನೆಯೋರು ಅಂದ್ಕೊಳಿ. ಕಣ್ಣು ಕಾಣಲ್ಲ ನಂಗೆ. ಮಾತಾಡಿ."

ಮಫ್ಲರ್ ಸಡಿಲಿಸಿದ ಸದ್ದು ಕೇಳಿತು. ಆಮೇಲೆ ಕಿವಿಯ ಒಳಗೆ, ಇದುವರೆಗೆ ಯಾವ ಪ್ರವಾಸಿಯೂ ಕೇಳಿರದಷ್ಟು ಸಣ್ಣ ದನಿಯಲ್ಲಿ, ಜವರಣ್ಣ ಹೇಳಿದ: "ಕೆಂಚೀ... ಇಲ್ಲೇ ಇವ್ನಿ ಕಣೆ."

"ಉಂಡ್ಯಾ?"

"ಮಾತ್ರೆ ತಗಂಡ್ಯಾ?"

"ಈಚಿಗೆ ಹೋಗ್ಬತ್ತೀನಿ. ಬಾಗ್ಲು ಮುಂದಕ್ಕೆ ಹಾಕಿವ್ನಿ."

"ಚಳಿ ಐತೆ, ಸೆರಗು ಹೊದ್ಕೊ."

ಒಂದೊಂದು ಮಾತೂ ಚಿದಂಬರನ ತಲೆಯ ತುಂಬ ನಿಂತು, ನಿಧಾನಕ್ಕೆ ಆರುತ್ತಿತ್ತು. ಉಂಡೆಯಾ ಎಂದು ಅವನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು ಎಂದರೆ, ಅವ್ವ ಹೋದ ಮೇಲೆ ಕೇಳಿದ ನೆನಪಿಲ್ಲ. ಇದು ತನಗೆ ಕೇಳಿದ್ದಲ್ಲ ಎಂದು ಗೊತ್ತಿತ್ತು. ಗೊತ್ತಿದ್ದರೂ ಇನ್ನೂ ಇಲ್ಲ ಎನ್ನುವಂತೆ ಅವನ ತಲೆ ತಾನಾಗಿ ಅಲುಗಿತು. ಕಣ್ಣು ಮುಚ್ಚಿಕೊಂಡಿದ್ದು ಒಳ್ಳೆಯದೇ ಆಯಿತು.

ರೆಕಾರ್ಡು ಮುಗಿಸಿ ಹೆಡ್‌ಫೋನ್ ಕೊಟ್ಟಾಗ ಜವರಣ್ಣ ಕೇಳಿ ತಲೆದೂಗಿದ. "ನಾನೇ ಸಾ! ಮೊದ್ಲಿನ ಜವರಣ್ಣ!" ಎಂದ. ಚಿದಂಬರ ಕಂಪ್ಯೂಟರಿನ ಮುಂದೆ ಕೂತು ಮಾತುಗಳನ್ನು ಬೇರೆ ಬೇರೆ ತುಂಡು ಮಾಡಿ, ಜವರಣ್ಣನ ಫೋನಿನಲ್ಲಿ ಒತ್ತಿದರೆ ನುಡಿಯುವಂತೆ ಜೋಡಿಸಿದ. ಉಂಡ್ಯಾ ಎನ್ನುವುದಕ್ಕೆ ತಟ್ಟೆಯ ಚಿತ್ರ, ಹೋಗ್ಬತ್ತೀನಿಗೆ ಬಾಗಿಲಿನ ಚಿತ್ರ. ಫೋನಿನಲ್ಲಿ ಒಮ್ಮೆ ಕೇಳಿ ನೋಡೋಣ ಎನ್ನುವಷ್ಟರಲ್ಲಿ ಹಳೇಬೀಡಿನ ಬಸ್ಸಿಗೆ ಹೊತ್ತಾಯಿತು. ಹೆಡ್‌ಫೋನಿನಲ್ಲಿ ಇಬ್ಬರೂ ಕೇಳಿದ್ದಾರೆ, ಇನ್ನೇನು?

ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಜವರಣ್ಣನಿಂದ ಒಂದು ಮೆಸೇಜು ಬಂತು: "ಸಾರ್ ಫೋನ್ ಗುಂಯ್ ಅಂತದೆ. ಮಾತು ಇಲ್ಲ."

ಚಿದಂಬರ ಕಂಪ್ಯೂಟರಿಗೆ ಹೆಡ್‌ಫೋನ್ ಚುಚ್ಚಿ ಕೇಳಿದ. ಸ್ಫಟಿಕದಂತೆ ಬರುತ್ತಿದೆ. ಅವನಿಗೆ ಸ್ವಲ್ಪ ರೇಗಿತು. "ನಿಮ್ಮ ಫೋನ್ ಸ್ಪೀಕರ್ ಹೋಗಿರಬೇಕು, ಅಂಗಡಿಗೆ ತೋರಿಸಿ" ಎಂದು ಬರೆದು ಹಾಕಿದ. ಉತ್ತರ ಬರಲಿಲ್ಲ. ಬಾರದ್ದರಿಂದ ಸರಿಹೋಗಿರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ವಾರಗಳು ಕಳೆದವು.

ಒಂದು ಸಂಜೆ, ಕೆಲಸವೂ ಇಲ್ಲ, ಮಾತಿಗೆ ಜನವೂ ಇಲ್ಲ, ಆ ಮಾತುಗಳನ್ನು ಇನ್ನೊಮ್ಮೆ ಕೇಳಬೇಕೆನ್ನಿಸಿತು. ಅಡುಗೆ ಮಾಡುತ್ತಾ ಕೇಳೋಣ ಎಂದು ತನ್ನ ಫೋನಿಗೆ ಹಾಕಿಕೊಂಡು ಒಲೆಯ ಪಕ್ಕ ಇಟ್ಟು ಒತ್ತಿದ. ಗುಂಯ್ ಎಂದಿತು. ಇನ್ನೊಂದನ್ನು ಒತ್ತಿದ. ಗುಂಯ್. ಎಲ್ಲವನ್ನೂ ಒತ್ತಿದ. ಎಲ್ಲವೂ ಗುಂಯ್. ಮಾತು ಇರಬೇಕಾದ ಕಡೆ ಮಾತೇ ಇಲ್ಲ. ಇಯರ್‌ಫೋನ್ ಚುಚ್ಚಿದರೆ ಜವರಣ್ಣ ಇದ್ದಾನೆ, ಕಿತ್ತರೆ ಇಲ್ಲ. ಆ ಗಂಟಲನ್ನು ಕೊಯ್ದಾಗಿತ್ತು. ಮತ್ತೆ ಕೂರಿಸಿ ಹಿಡಿಯುವಂತಿಲ್ಲ. ಅನ್ನದ ಪಾತ್ರೆ ಇಳಿಸಿ ಜಯದೇವಪ್ಪನಿಗೆ ಫೋನ್ ಮಾಡಿದ.

"ಡಬ್ಬಿ ಹಾಕ್ದ್ಯಾ?" ಜಯದೇವಪ್ಪ ಕೇಳಿದ ಮೊದಲ ಮಾತು ಅದು.

"ಇಲ್ಲ. ನೇರವಾಗಿ ಕೂಡಿಸ್ದೆ."

"ನಿನ್ ತಲೆ! ಆ ಮೈಕು ಒಂದೇ ಮಾತನ್ನ ಎರಡು ತಂತೀಲಿ ಕಳ್ಸ್ತದೆ ಕಣಯ್ಯಾ. ಒಂದ್ರಲ್ಲಿ ನೆಟ್ಟಗೆ, ಇನ್ನೊಂದ್ರಲ್ಲಿ ತಲೆಕೆಳಗು. ಅವೆರಡನ್ನ ಸರಿಯಾಗಿ ಕೂಡ್ಸೋಕೇ ಡಬ್ಬಿ ಇರೋದು. ನೀನು ಒಂದನ್ನ ಎಡಗಿವಿಗೆ, ಒಂದನ್ನ ಬಲಗಿವಿಗೆ ಬಿಟ್ಟಿದೀಯ. ಬೇರೆ ಬೇರೆ ಕಿವೀಲಿದ್ರೆ ಕೇಳ್ತದೆ. ಫೋನಿಗಿರೋದು ಒಂದೇ ಸ್ಪೀಕರು. ಎರಡೂ ಅಲ್ಲಿ ಬಂದು ಸೇರಿದ್ರೆ ಒಂದನ್ನೊಂದು ನುಂಗ್ಹಾಕ್ತವೆ. ಕರೆಂಟಿನ ಗುಂಯ್ ಮಾತ್ರ ಉಳೀತದೆ."

"ಹೋಯ್ತಾ ಹಂಗಾದ್ರೆ?"

"ಎಲ್ಲಿ ಹೋಗ್ತದೆ? ಒಂದು ಕಿವೀದು ಅಳ್ಸಿ ಹಾಕು. ಇನ್ನೊಂದು ತಾನಾಗೇ ಮಾತಾಡ್ತದೆ."

ಹಾಗೇ ಮಾಡಿದ. ಬಲಗಿವಿಯದನ್ನು ಅಳಿಸಿ ಎಡಗಿವಿಯದನ್ನು ಮಾತ್ರ ಉಳಿಸಿ ಫೋನಿಗೆ ಹಾಕಿದ. "ಉಂಡ್ಯಾ?" ಎಂದು ಅಡುಗೆಮನೆಯ ಕಟ್ಟೆಯ ಮೇಲಿಂದ ಜವರಣ್ಣ ಗಟ್ಟಿಯಾಗಿ ಕೇಳಿದ. ಜೊತೆಗಿದ್ದಾಗ ಬಾಯಿ ಬಿಡದವು, ಒಂಟಿಯಾದರೆ ಮಾತಾಡುತ್ತವೆ. ತನಗೆ ಅದೂ ಕೂಡಿಬರಲಿಲ್ಲವಲ್ಲ ಎಂದು ಚಿದಂಬರ ನಕ್ಕ. ನಕ್ಕಿದ್ದು ಯಾರಿಗೂ ಕೇಳಿಸಲಿಲ್ಲ. ಇಷ್ಟು ವಾರ ಆ ಕುರುಡಿ ಗುಂಯ್ ಎನ್ನುವುದನ್ನು ಕೇಳಿಕೊಂಡು ಕೂತಿದ್ದಾಳೆ ಎಂಬುದು ನೆನಪಾದಾಗ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಬೆಳಿಗ್ಗೆ ಎದ್ದವನೇ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹಿಡಿದ.

ಜವರಣ್ಣನ ಮನೆಯ ಜಗುಲಿಯ ಮೇಲೆ ಕೆಂಚಮ್ಮ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ಜವರಣ್ಣ ಅಂಗಳದಲ್ಲಿ ಸೌದೆ ಜೋಡಿಸುತ್ತಿದ್ದ. ಕುತ್ತಿಗೆಗೆ ತೆಳ್ಳನೆಯ ಬಿಳಿ ಬಟ್ಟೆ. ಅರ್ಧ ಆಗಿಹೋಗಿದ್ದ. ಚಿದಂಬರನನ್ನು ಕಂಡು ಬಾಯಿ ತೆರೆದ, ಏನೂ ಬರಲಿಲ್ಲ, ಕೈ ಮುಗಿದ.

"ಯಾರೋ ಬಂದಂಗಾಯ್ತು," ಎಂದಳು ಕೆಂಚಮ್ಮ. "ಗೊತ್ತಿರೋರಾ?"

ಜವರಣ್ಣ ಜೇಬಿನಿಂದ ಫೋನು ತೆಗೆದು ಒತ್ತಿದ. ಗುಂಯ್ ಎಂದಿತು.

"ನಮ್ಮೂರೋರಾ?"

ಗುಂಯ್, ಗುಂಯ್.

"ಪರಸ್ಥಳದೋರು. ಬನ್ನಿ ಸಾಮಿ, ಕುಂತ್ಕಳಿ."

ಚಿದಂಬರನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆ ಕಂಠದ ಮನುಷ್ಯನನ್ನು ತಾನು ಯಾವ ಗತಿಗೆ ತಂದೆ! ತಾನು ಯಾರೆಂದು ಹೇಳಿ, ತಪ್ಪು ತನ್ನದೇ, ವೈರನ್ನು ತಪ್ಪಾಗಿ ಬೆಸೆದಿದ್ದೆ, ಈಗ ಸರಿಮಾಡಿ ತಂದಿದ್ದೇನೆ ಎಂದು ಒಂದೇ ಉಸಿರಿಗೆ ಒದರಿದ. ಜವರಣ್ಣನ ಫೋನು ಇಸಿದುಕೊಂಡು ಆ ಗುಂಯ್ ಎನ್ನುವುದನ್ನೆಲ್ಲ ಅಳಿಸಿ ಹಾಕಿದ. ಜವರಣ್ಣ ಏನೋ ಬೇಡ ಎನ್ನುವಂತೆ ಕೈ ಆಡಿಸಿದ್ದನ್ನು ಗಮನಿಸುವಷ್ಟು ತಾಳ್ಮೆ ಅವನಿಗಿರಲಿಲ್ಲ. ಹೊಸ ತುಂಡುಗಳನ್ನು ಹಾಕಿ, ಮೊದಲನೆಯದನ್ನು ತಾನೇ ಒತ್ತಿದ.

"ಕೆಂಚೀ... ಇಲ್ಲೇ ಇವ್ನಿ ಕಣೆ."

ಅವರೆಕಾಯಿ ಹಿಡಿದ ಕೈ ಹಾಗೆಯೇ ನಿಂತಿತು. ಕೆಂಚಮ್ಮ ದನಿ ಬಂದ ಕಡೆ ಮುಖ ತಿರುಗಿಸಿದಳು. ಮುಖ ಮೊದಲು ಅರಳಿತು, ಆಮೇಲೆ ತುಟಿ ಅದುರಿತು. "ಇನ್ನೊಂದ್ ಸಲ," ಎಂದಳು. ಒತ್ತಿದ. "ಇನ್ನೊಂದ್ ಸಲ." ಜವರಣ್ಣ ಸೌದೆಯ ಮೇಲೆ ಕುಸಿದು ಕೂತು, ತನ್ನದೇ ದನಿಗೆ ತುಟಿ ಆಡಿಸುತ್ತಿದ್ದ. ಚಿದಂಬರನ ಎದೆ ಹಗುರಾಯಿತು. ಇಷ್ಟು ವರ್ಷಗಳ ಕೆಲಸದಲ್ಲಿ ಇದೊಂದು ಸಾರ್ಥಕ ಎನ್ನಿಸಿತು.

ಕೆಂಚಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ದನಿ ಕೇಳೇ ಕೇಳ್ತೀನಿ," ಎಂದು ಅಂಗಳದ ಕಡೆ ತಿರುಗಿದಳು, "ಆ ಗಾಯ ನೋಯ್ತೈತಾ ಇನ್ನೂವೆ?"

ಜವರಣ್ಣ ಫೋನು ಇಸಿದುಕೊಂಡ. ಬೆರಳು ಚಿತ್ರದಿಂದ ಚಿತ್ರಕ್ಕೆ ಓಡಾಡಿತು. ತಟ್ಟೆ, ಮಾತ್ರೆ, ಬಾಗಿಲು, ಸೆರಗು. ಎಲ್ಲಾ ಅವಳನ್ನು ಕೇಳುವ ಮಾತುಗಳು, ಅವಳಿಗೆ ಹೇಳುವ ಮಾತುಗಳು. ಅವಳೇ ಏನಾದರೂ ಕೇಳಿದರೆ ಹೇಳುವುದಕ್ಕೆ ಒಂದು ಹೂಂ, ಒಂದು ಉಹೂಂ ಹಿಡಿಯಬೇಕೆಂದು ಇಬ್ಬರು ಗಂಡಸರಿಗೂ ಅವತ್ತು ಹೊಳೆದಿರಲಿಲ್ಲ. ಬೆರಳು ತಪ್ಪಿತು.

"ಉಂಡ್ಯಾ?" ಎಂದಿತು ಫೋನು.

ಕೆಂಚಮ್ಮನ ಮುಖ ಕಪ್ಪಿಟ್ಟಿತು. "ನಾನ್ ಕೇಳಿದ್ದೇನು, ಅದು ಹೇಳ್ತಿರದೇನು? ದುಂಬಿ ಎಲ್ಲೋಯ್ತು?"

"ಯಾವ ದುಂಬಿ ಅಮ್ಮ?" ಎಂದ ಚಿದಂಬರ, ಗೊತ್ತಾಗುತ್ತಿದ್ದರೂ.

"ಅದೇ ಕಣ್ರಪ್ಪಾ, ಗುಂಯ್ ಅಂತಿತ್ತಲ್ಲ. ಮೊದ್ಲು ಮೊದ್ಲು ನಂಗೂ ಸಿಟ್ಟು ಬತ್ತಿತ್ತು, ಇದೇನು ಪ್ಯಾಟೆಯಿಂದ ದುಂಬಿ ಹಿಡ್ಕಂಡ್ ಬಂದವ್ರೆ ಅಂತ. ಆಮ್ಯಾಕೆ ಗೊತ್ತಾಯ್ತು, ಒಂದಂದ್ರೆ ಹೌದು, ಎರಡಂದ್ರೆ ಇಲ್ಲ. ಸುಮ್ನೆ ಓಡಾಡುವಾಗ್ಲೂ ಒತ್ಕಂಡ್ ಓಡಾಡ್ತರೆ, ನಾನು ಹೆದರ್ಬಾರ್ದು ಅಂತ. ಹಿತ್ಲಲ್ಲಿದ್ರೆ ಹಿತ್ಲಲ್ಲಿ ಗುಂಯ್, ಒಲೆ ತಾವ ಇದ್ರೆ ಒಲೆ ತಾವ ಗುಂಯ್." ಅವಳ ದನಿ ಗಾಬರಿಯಿಂದ ಏರಿತು. "ಅಳ್ಸ್‌ಬಿಟ್ರಾ ಸಾಮಿ?"

ಚಿದಂಬರ ತನ್ನ ಫೋನು ತೆಗೆದ. ಒಲೆಯ ಪಕ್ಕದಲ್ಲಿ ಕೇಳಿದ್ದ ಹಳೆಯ ತುಂಡುಗಳು ಅದರಲ್ಲಿ ಇನ್ನೂ ಇದ್ದವು. ತಾನು ಮಾಡಿದ ಕೆಲಸಗಳಲ್ಲೇ ಕೆಟ್ಟ ಕೆಲಸವನ್ನು ಆರಿಸಿ ಜವರಣ್ಣನಿಗೆ ಕಳಿಸಿದ. ಜವರಣ್ಣ ಅದನ್ನು ತೆರೆದು, ಹೆಂಡತಿಯ ಪಕ್ಕದಲ್ಲಿ ಬಂದು ಕೂತು ಒತ್ತಿದ.

"ಬಂತು," ಎಂದು ಕೆಂಚಮ್ಮ ಉಸಿರು ಬಿಟ್ಟಳು. "ಈಗ ಹೇಳಿ. ನೋಯ್ತೈತಾ?"

ಗುಂಯ್.

"ಭಾಳಾನಾ?"

ಜವರಣ್ಣ ಸ್ವಲ್ಪ ಹೊತ್ತು ಬೆರಳು ಎತ್ತಿ ಹಿಡಿದ. ಆಮೇಲೆ ಒಂದೇ ಸಲ ಒತ್ತಿದ. ಅವಳು ತಡವರಿಸಿ ಅವನ ಮೊಣಕೈ ಹಿಡಿದುಕೊಂಡಳು. ಸಿಪ್ಪೆಯ ಸೊಗಡು ಅಂಟಿದ ಬೆರಳುಗಳಿಂದ ಮೆಲ್ಲಗೆ ನೀವಿದಳು.

"ಆ ದನೀನೂ ಇರ್ಲಿ," ಎಂದಳು, ಚಿದಂಬರ ಕೂತಿದ್ದಾನೆಂದು ತಾನು ಅಂದುಕೊಂಡ ಕಡೆ ತಿರುಗಿ. "ಯುಗಾದಿಗೋ ಗೌರಿ ಹಬ್ಬಕ್ಕೋ ಒಂದ್ ಸಲ ಕೇಳ್ತೀನಿ. ದಿನಾ ಬ್ಯಾಡ ಸಾಮಿ. ಅದು ತನ್ ಪಾಡಿಗೆ ತಾನು ಹೇಳ್ತದೆ, ನಾನ್ ಕೇಳಿದ್ದುಕ್ಕೆ ಹೇಳಾಕಿಲ್ಲ. ಆ ದನಿ ಆಸ್ಪತ್ರೇಲೇ ಹೋಯ್ತು. ಇದು ಈಗ ನನ್ ಪಕ್ಕ ಇರೋರ್ದು."

ಚಿದಂಬರ ಕಂಬಕ್ಕೆ ಒರಗಿ ಕೂತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಜವರಣ್ಣ ತಲೆ ತಗ್ಗಿಸಿದ್ದ, ಇನ್ನು ನೋಡುವವರು ಯಾರು? ಚಿದಂಬರನಿಗೆ ತನ್ನ ಮನೆ ನೆನಪಾಯಿತು. ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ಅವನು ಒಂದು ಸದ್ದೂ ಮಾಡದೆ ಇರಬಲ್ಲ, ಎಷ್ಟೋ ದಿನ ಹಾಗೇ ಇದ್ದಾನೆ. ಅವನು ಒಳಗಿದ್ದಾನೋ ಹೊರಗಿದ್ದಾನೋ ಎಂದು ತಿಳಿಯಬೇಕಾದ ಜೀವ ಆ ಮನೆಯಲ್ಲಿ ಇಲ್ಲ. ಗುಂಯ್ ಎನ್ನುವುದಕ್ಕಾದರೂ ಎದುರಿಗೆ ಒಬ್ಬರು ಬೇಕು.

"ಸಾಮೇರು ಇದೀರಾ, ಹೊಂಟೋದ್ರಾ?" ಕೆಂಚಮ್ಮ ಕತ್ತು ಚಾಚಿ ಗಾಳಿಗೆ ಕಿವಿಗೊಟ್ಟಳು. "ಸದ್ದೇ ಇಲ್ವಲ್ಲ. ಇದ್ರೆ ಏನಾರಾ ಅನ್ನಿ, ನಂಗೆ ತಿಳೀಬೇಕಲ್ಲ."

ಅವನು ಈಗ ಮುಖ ಒರೆಸಿಕೊಂಡ.

"ಹೂಂ," ಎಂದ.

"ಹಾಂ, ಅಷ್ಟಂದ್ರೆ ಸಾಕು," ಎಂದಳು ಕೆಂಚಮ್ಮ. ಮೊರವನ್ನು ತಡವಿ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಅವರೆಕಾಯಿ ಸುಲಿಯತೊಡಗಿದಳು.